ಹಳಿ ಹೋಯಿತು, ದಾರಿ ಉಳಿಯಿತು

‘ದಾರಿ’ ಎಂಬ ಪದಕ್ಕೆ ಕ್ರೈಸ್ತ ಧರ್ಮದಲ್ಲಿರುವ ಘನತೆ ಸಾಮಾನ್ಯವಾದುದಲ್ಲ. ಪ್ರಭು ಯೇಸುಕ್ರಿಸ್ತರು ತಮ್ಮನ್ನು ಮಾರ್ಗವೆಂದೇ ಕರೆದುಕೊಂಡರು. ಅಂತಿಯೋಕ್ಯ ಪಟ್ಟಣದಲ್ಲಿ ‘ಕ್ರೈಸ್ತರು’ ಎಂಬ ಹೆಸರು ಹುಟ್ಟುವುದಕ್ಕೆ ಮೊದಲೇ ಅವರ ಅನುಯಾಯಿಗಳು ‘ಮಾರ್ಗದವರು’ ಎನಿಸಿಕೊಂಡಿದ್ದರೆಂಬುದು ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದಿಂದ ತಿಳಿದುಬರುತ್ತದೆ. ಪುನರುತ್ಥಾನರಾದ ಪ್ರಭು ಶಿಷ್ಯರಿಬ್ಬರನ್ನು ಕೂಡಿಕೊಂಡದ್ದು ದೇವಾಲಯದಲ್ಲಲ್ಲ, ಎಮ್ಮಾವುಸಿನ ದಾರಿಯಲ್ಲಿ; ಅದೂ ಅವರ ನಡಿಗೆಗೆ ತಮ್ಮ ನಡಿಗೆಯನ್ನು ಹೊಂದಿಸಿಕೊಂಡು. ಹೀಗಿರುವಾಗ ಒಂದು ದಾರಿಯನ್ನು ಕುರಿತು, ಅದೂ ಸೈಕಲ್ ತುಳಿಯುವವರ ದಾರಿಯನ್ನು ಕುರಿತು, ಈ ಅಂಕಣದಲ್ಲಿ ಬರೆಯುವುದು ಅಪ್ರಸ್ತುತವಾಗದೆಂದು ನಾವು ಭಾವಿಸುತ್ತೇವೆ.

ಈ ದಾರಿ ಇರುವುದು ಫ್ರಾನ್ಸ್ ದೇಶದ ಪೂರ್ವಭಾಗದ ಬರ್ಗಂಡಿ ಪ್ರಾಂತದಲ್ಲಿ. ಅಲ್ಲಿನ ಸೋನ್ ನದಿಯ ದಡದಲ್ಲಿ ಶಾಲೋನ್ ಎಂಬ ನಗರವಿದೆ. ಅದರ ಸಮೀಪದ ಜಿವ್ರಿ ಎಂಬ ಊರಿನಿಂದ ಹೊರಟು, ದ್ರಾಕ್ಷಿತೋಟಗಳ ನಡುವೆ ದಕ್ಷಿಣಕ್ಕೆ ಸಾಗಿ, ಪುರಾತನ ಮಠದ ಊರಾದ ಕ್ಲೂನಿಯನ್ನು ಸೇರುವ 44 ಕಿಲೋಮೀಟರು ಉದ್ದದ ಹಾದಿ 1997ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಾರು, ಬಸ್ಸು, ಲಾರಿ, ಮೋಟಾರು ಸೈಕಲ್ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಇಂತಹ ಹಾದಿಗೆ ಫ್ರೆಂಚರು ‘ಹಸಿರು ದಾರಿ’ ಎಂಬ ಅರ್ಥದ ‘ವ್ವಾ ವೆರ್ತ್’ ಎಂಬ ಹೆಸರಿಟ್ಟಿದ್ದಾರೆ. ಆ ದೇಶದಲ್ಲಿ ಈಗ ಅಂತಹ ದಾರಿಗಳು ಎಷ್ಟೋ ಇವೆ. ಅವುಗಳಿಗೆಲ್ಲ ಹಿರಿಯಣ್ಣನಂತೆ ಈ ದಾರಿಯನ್ನು ಎಣಿಸಲಾಗುತ್ತದೆ.

ರೈಲು ಬಿಟ್ಟುಹೋದ ಆಸ್ತಿ

ಈ ಹಾದಿಯನ್ನು ಯಾರೂ ಹೊಸದಾಗಿ ಕಡಿದುದಲ್ಲ. ಹಿಂದೆ ಇಲ್ಲಿ ಉಗಿಬಂಡಿ ಓಡುತ್ತಿತ್ತು. ದ್ರಾಕ್ಷಾರಸದ ಪೀಪಾಯಿಗಳನ್ನೂ, ಗಣಿಯ ಕಲ್ಲನ್ನೂ, ಸಂತೆಗೆ ಹೋಗುವ ರೈತರನ್ನೂ ಹೊತ್ತು ಅದು ಹಳ್ಳಿಯಿಂದ ಹಳ್ಳಿಗೆ ಸಾಗುತ್ತಿತ್ತು. ಮನೆಗೊಂದು ಮೋಟಾರು ಬಂದ ಮೇಲೆ ರೈಲು ಬಡವಾಯಿತು, ಕ್ರಮೇಣ ನಿಂತೇಹೋಯಿತು. ಹಳಿಗಳನ್ನು ಕಿತ್ತೊಯ್ದ ಮೇಲೆ ಉಳಿದದ್ದು ಜಲ್ಲಿ, ಮುಳ್ಳುಪೊದೆ ಮತ್ತು ಬೀಗ ಬಿದ್ದ ನಿಲ್ದಾಣಗಳು. ಆ ಪಟ್ಟಿಯನ್ನು ತುಂಡು ತುಂಡಾಗಿ ಮಾರಿಬಿಟ್ಟಿದ್ದರೆ ಕೇಳುವವರೇ ಇರುತ್ತಿರಲಿಲ್ಲ. ಹಾಗೆ ಮಾಡದೆ ನುಣ್ಣಗೆ ಡಾಂಬರು ಹಾಸಿ ಸೈಕಲ್ ತುಳಿಯುವವರಿಗೂ ನಡೆಯುವವರಿಗೂ ಒಪ್ಪಿಸಿದ್ದು ವಿವೇಕದ ಕೆಲಸವೆನ್ನಬೇಕು. ಹಳೆಯ ನಿಲ್ದಾಣಗಳಲ್ಲಿ ಕೆಲವು ಇಂದು ಪ್ರವಾಸಿಗರಿಗೆ ಮಾಹಿತಿ ನೀಡುವ, ಬಾಡಿಗೆಗೆ ಸೈಕಲ್ ಕೊಡುವ ಸ್ಥಳಗಳಾಗಿವೆ.

ರೈಲಿನ ಹಾದಿಯೇ ಸೈಕಲ್ಲಿಗೆ ಏಕೆ ಇಷ್ಟು ಒಗ್ಗುತ್ತದೆ ಎಂದು ಓದುಗರು ಕೇಳಬಹುದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಕಡಿದಾದ ಏರನ್ನು ಹತ್ತಲಾರದು, ಜಾರುತ್ತದೆ. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಗುಡ್ಡ ಬಂದಲ್ಲಿ ಕಡಿದು, ತಗ್ಗು ಬಂದಲ್ಲಿ ಏರಿ ಕಟ್ಟಿ, ಕಡಿಯಲಾಗದಲ್ಲಿ ಸುರಂಗ ಕೊರೆದು, ಬೆಟ್ಟದ ನಾಡಿನಲ್ಲಿಯೂ ಬಹುಮಟ್ಟಿಗೆ ಸಮತಟ್ಟಾದ ದಾರಿಯನ್ನು ಸಾಧಿಸಿದರು. ಅವರು ಯಂತ್ರದ ದೌರ್ಬಲ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಪಟ್ಟ ಶ್ರಮ ಇಂದು ಮನುಷ್ಯರ ದೌರ್ಬಲ್ಯಕ್ಕೆ ಆಸರೆಯಾಗಿದೆ. ಎಪ್ಪತ್ತರ ವೃದ್ಧರು, ಏಳು ವರ್ಷದ ಮಕ್ಕಳು, ಗಾಲಿಕುರ್ಚಿಯಲ್ಲಿ ಕುಳಿತವರು, ಮಗುವಿನ ಗಾಡಿಯನ್ನು ತಳ್ಳುವ ತಾಯಂದಿರು, ಎಲ್ಲರಿಗೂ ಇಲ್ಲಿ ಎಡೆಯಿದೆ. 2004ರಲ್ಲಿ ಫ್ರೆಂಚ್ ಸರಕಾರ ತನ್ನ ಸಂಚಾರ ನಿಯಮಾವಳಿಯಲ್ಲಿಯೇ ಹಸಿರು ದಾರಿಗೆ ಸ್ಥಾನ ಕಲ್ಪಿಸಿ, ಅದು ಎಂಜಿನ್ ಇಲ್ಲದ ವಾಹನಗಳಿಗೆ, ಪಾದಚಾರಿಗಳಿಗೆ, ಕುದುರೆ ಸವಾರರಿಗೆ ಮೀಸಲೆಂದು ವಿಧಿಸಿತು. ದುರ್ಬಲನಿಗಾಗಿ ದಾರಿಯೊಂದನ್ನು ಕಾನೂನಿನಿಂದಲೇ ಕಾದಿರಿಸುವುದು ಸಣ್ಣ ಮಾತಲ್ಲ.

ಸಮುದ್ರವಾಗಿದ್ದ ನೆಲ

ಜಿವ್ರಿಯಿಂದ ಬುಸ್ಸಿ, ಅಲ್ಲಿಂದ ಸೇಂ-ಜಾಂಗು, ಮುಂದೆ ಅರಮನೆಯ ಊರಾದ ಕೊರ್ಮಾತೇಂ. ಹೀಗೆ ಸಾಗುವಾಗ ಇಕ್ಕೆಲಗಳಲ್ಲಿ ಕಾಣುವ ಬಂಡೆ, ಬೇಲಿಗೋಡೆ, ಮನೆ, ಇಗರ್ಜಿಯ ಗಂಟೆಗೋಪುರ ಎಲ್ಲವೂ ಒಂದೇ ಬಣ್ಣದವು: ಹಾಲಿಗೆ ತುಸು ಜೇನು ಬೆರೆಸಿದಂತಹ ಬಣ್ಣ. ಇದು ಸುಣ್ಣಕಲ್ಲಿನ ನಾಡು. ಸುಮಾರು 16–17 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚನೆಯ, ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಚಿಪ್ಪು, ಹವಳ ಮತ್ತು ಅಸಂಖ್ಯ ಸೂಕ್ಷ್ಮಜೀವಿಗಳ ಅವಶೇಷಗಳು ಪದರ ಪದರವಾಗಿ ಕುಳಿತು ಕಲ್ಲಾದವು. ಕರಾವಳಿಯಲ್ಲಿ ಹಿಂದಿನವರು ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದನ್ನು ಬಲ್ಲವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಗಟ್ಟಿನೆಲವೆಂದು ನಂಬಿ ನಿಂತದ್ದು ಒಂದು ಕಾಲದಲ್ಲಿ ಅಲೆಯಾಡುವ ನೀರಾಗಿತ್ತು ಎಂಬ ಅರಿವು ಯಾವ ಧ್ಯಾನಗ್ರಂಥಕ್ಕೂ ಕಡಿಮೆಯಾದುದಲ್ಲ.

ಸುಣ್ಣಕಲ್ಲಿಗೆ ಒಂದು ಸ್ವಭಾವವಿದೆ. ಮಳೆಯ ನೀರನ್ನು ಅದು ಮೇಲೆ ನಿಲ್ಲಿಸಿಕೊಳ್ಳುವುದಿಲ್ಲ. ತುಸು ಆಮ್ಲವಾದ ಮಳೆನೀರು ಕಲ್ಲನ್ನು ಮೆಲ್ಲಗೆ ಕರಗಿಸುತ್ತ, ಬಿರುಕುಗಳಲ್ಲಿ ಇಳಿದು, ಕತ್ತಲಿನಲ್ಲಿ ಹರಿದು, ಗುಡ್ಡದ ಬುಡದಲ್ಲಿ ಬುಗ್ಗೆಯಾಗಿ ಹೊರಡುತ್ತದೆ. ಅದರಿಂದ ಮೇಲ್ಭಾಗ ಒಣಗಿದಂತೆ ಕಂಡರೂ ಬುಡದ ಊರುಗಳಲ್ಲಿ ನೀರಿದೆ. ಊರ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೊಳಗಳನ್ನು ಇಂದಿಗೂ ಹಲವು ಹಳ್ಳಿಗಳಲ್ಲಿ ಕಾಣಬಹುದು. ದ್ರಾಕ್ಷಿಯ ಬಳ್ಳಿಗೆ ಬೇರು ಕೊಳೆಯದ ಇಂತಹ ಇಳಿಜಾರು ಹಿತಕರ. ಮಠವಾಸಿಗಳು ಈ ಗುಣವನ್ನು ಚೆನ್ನಾಗಿ ಅರಿತಿದ್ದರು. ಬರ್ಗಂಡಿಯ ದ್ರಾಕ್ಷಾರಸದ ಚರಿತ್ರೆಯನ್ನು ಬಲಿಪೂಜೆಯ ಚರಿತ್ರೆಯಿಂದ ಬೇರ್ಪಡಿಸಲಾಗದು.

ತತ್ತ್ವಜ್ಞಾನಿಯ ಕೊನೆಯ ದಾರಿ

ಶಾಲೋನಿನಿಂದ ಕ್ಲೂನಿಯವರೆಗಿನ ಈ ಸೀಮೆ ಇನ್ನೊಂದು ಪ್ರಯಾಣವನ್ನೂ ಕಂಡಿದೆ. ಹನ್ನೆರಡನೆಯ ಶತಮಾನದ ಮಹಾ ತಾರ್ಕಿಕ ಪೀಟರ್ ಅಬೆಲಾರ್ಡರ ಹೆಸರನ್ನು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ಪಿತೃಗಳ ಮಾತುಗಳಲ್ಲಿ ಪರಸ್ಪರ ವಿರುದ್ಧವಾಗಿ ಕಾಣುವವನ್ನು ಎದುರುಬದುರು ಇರಿಸಿ, ಪ್ರಶ್ನೆಯಿಂದಲೇ ಸತ್ಯದ ಶೋಧ ಆರಂಭವಾಗುತ್ತದೆಂದು ತೋರಿಸಿದವರು ಅವರು. ಅವರ ಬೋಧನೆಯಲ್ಲಿ ಅಪಾಯವನ್ನು ಕಂಡವರು ಕ್ಲೇರ್ವೋ ಮಠಾಧ್ಯಕ್ಷ ಸಂತ ಬರ್ನಾರ್ಡರು. ಸಾನ್ಸ್ ಪಟ್ಟಣದ ಸಭೆಯಲ್ಲಿ ಅಬೆಲಾರ್ಡರ ಕೆಲವು ವಾಕ್ಯಗಳು ಖಂಡನೆಗೊಳಗಾದವು. ವೃದ್ಧಾಪ್ಯದಲ್ಲಿ, ಅನಾರೋಗ್ಯದಲ್ಲಿ, ಪೋಪರಿಗೆ ಮೊರೆಯಿಡಲು ರೋಮಿನತ್ತ ಹೊರಟ ಅವರು ದಾರಿಯಲ್ಲಿ ಕ್ಲೂನಿಯನ್ನು ಸೇರಿದರು.

ಅಲ್ಲಿ ಮಠಾಧ್ಯಕ್ಷರಾಗಿದ್ದ ವಂದನೀಯ ಪೀಟರ್ ಅವರು ಈ ಸೋತ ಪಂಡಿತನನ್ನು ವಿಚಾರಣೆಗೆ ನಿಲ್ಲಿಸಲಿಲ್ಲ; ಮೊದಲು ಇರಲು ಮನೆಯನ್ನು ಕೊಟ್ಟರು. ಬರ್ನಾರ್ಡರೊಡನೆ ರಾಜಿಯಾಗುವಂತೆ ಮಾಡಿದರು. ಅಬೆಲಾರ್ಡರು ತಮ್ಮ ಉಳಿದ ದಿನಗಳನ್ನು ಕ್ಲೂನಿಯಲ್ಲಿಯೇ ಕಳೆಯಲು ಅಪ್ಪಣೆಯಾಗಬೇಕೆಂದು ಪೋಪ್ ಎರಡನೆಯ ಇನ್ನೊಸೆಂಟ್ ಅವರಿಗೆ ಪತ್ರ ಬರೆದರು. ದೇಹಸ್ಥಿತಿ ಕೆಟ್ಟಾಗ ಹವೆ ಹಿತವಾದ ಸ್ಥಳವೆಂದು ಶಾಲೋನಿನ ಬಳಿಯ ಸೇಂ-ಮಾರ್ಸೆಲ್ ಮಠಕ್ಕೆ ಕಳುಹಿಸಿದರು. ಅಲ್ಲಿಯೇ 1142ರ ಏಪ್ರಿಲ್ 21ರಂದು ಅಬೆಲಾರ್ಡರು ಧರ್ಮಸಭೆಯ ಮಡಿಲಲ್ಲಿ ಶಾಂತಿಯಿಂದ ಕಣ್ಣುಮುಚ್ಚಿದರು. ತರ್ಕದಲ್ಲಿ ಗೆದ್ದವರು ಯಾರೆಂಬುದನ್ನು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಪ್ರೀತಿಯಲ್ಲಿ ಗೆದ್ದವರು ವಂದನೀಯ ಪೀಟರರೆಂಬುದರಲ್ಲಿ ಚರ್ಚೆಯಿಲ್ಲ. ಭಿನ್ನಾಭಿಪ್ರಾಯ ತೋರಿದ ಸಹೋದರನನ್ನು ಹೊರಗೆ ನಿಲ್ಲಿಸಲು ಆತುರಪಡುವ ನಮ್ಮ ಸಮಿತಿಗಳು, ಸಂಘಗಳು ಈ ಪ್ರಸಂಗವನ್ನು ನೆನೆಯುವುದು ಲೇಸು.

ಸೈಕಲ್ಲಿನ ಮೇಲೆ ಬಂದ ಸಹೋದರ

ಕೊರ್ಮಾತೇಂ ದಾಟಿದ ಮೇಲೆ ಗ್ರೋನ್ ಎಂಬ ಸಣ್ಣ ನದಿಯ ಬಯಲಿನಲ್ಲಿ ಹಾದಿ ಮುಂದುವರಿಯುತ್ತದೆ. ಪಕ್ಕದ ಗುಡ್ಡದ ಮೇಲಿರುವ ಪುಟ್ಟ ಗ್ರಾಮದ ಹೆಸರು ತೇಜೇ. 1940ರ ಆಗಸ್ಟ್ ತಿಂಗಳಿನಲ್ಲಿ, ಫ್ರಾನ್ಸ್ ಜರ್ಮನಿಗೆ ಶರಣಾದ ಕೆಲವೇ ವಾರಗಳ ಬಳಿಕ, ಇಪ್ಪತ್ತೈದು ವರ್ಷದ ಸ್ವಿಸ್ ಯುವಕನೊಬ್ಬನು ಜಿನೀವಾದಿಂದ ಸೈಕಲ್ ತುಳಿದುಕೊಂಡು ಈ ಸೀಮೆಗೆ ಬಂದನು. ಆತ ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬರ ಮಗ ರೋಜರ್ ಶುಟ್ಸ್. ಪ್ರಾರ್ಥನೆಗೂ ಸಂಧಾನಕ್ಕೂ ಮುಡಿಪಾದ ಸಮುದಾಯಕ್ಕೆ ಒಂದು ಮನೆಯನ್ನು ಆತ ಹುಡುಕುತ್ತಿದ್ದನು. ತೇಜೇಯಲ್ಲಿ ವೃದ್ಧೆಯೊಬ್ಬರು ಊಟವಿಕ್ಕಿ, ನಾವಿಲ್ಲಿ ಒಂಟಿಗಳು, ನೀವು ಇಲ್ಲಿಯೇ ನಿಲ್ಲಿರೆಂದು ಕೇಳಿಕೊಂಡರಂತೆ. ಬಡವರ ಆ ಮಾತಿನಲ್ಲಿ ಆತ ದೇವರ ಕರೆಯನ್ನು ಕೇಳಿದನು.

ಅಂದು ಫ್ರಾನ್ಸನ್ನು ಎರಡಾಗಿ ಸೀಳಿದ ಗಡಿರೇಖೆ ಶಾಲೋನ್ ನಗರದ ಮೂಲಕವೇ ಹಾದುಹೋಗಿತ್ತು. ಉತ್ತರಕ್ಕೆ ಜರ್ಮನ್ ಸೇನೆ. ದಕ್ಷಿಣಕ್ಕೆ ಹೆಸರಿಗಷ್ಟೇ ಸ್ವತಂತ್ರವಾದ ನೆಲ. ರೇಖೆಯನ್ನು ಕದ್ದು ದಾಟಿ ಬಂದ ನಿರಾಶ್ರಿತರನ್ನು, ಅವರಲ್ಲಿ ಯೆಹೂದ್ಯರನ್ನೂ, ರೋಜರ್ ತನ್ನ ಮನೆಯಲ್ಲಿ ಅಡಗಿಸಿಟ್ಟನು. 1942ರಲ್ಲಿ ಸುಳಿವು ಸಿಕ್ಕಿದ್ದರಿಂದ ತೇಜೇಯನ್ನು ಬಿಡಬೇಕಾಯಿತು. 1944ರಲ್ಲಿ ಮತ್ತೆ ಬಂದನು. ಯುದ್ಧ ಮುಗಿದ ಮೇಲೆ ಸಮೀಪದ ಶಿಬಿರಗಳಲ್ಲಿದ್ದ ಜರ್ಮನ್ ಯುದ್ಧಕೈದಿಗಳನ್ನು ಭಾನುವಾರಗಳಂದು ಊಟಕ್ಕೆ, ಪ್ರಾರ್ಥನೆಗೆ ಕರೆದನು. ನಿನ್ನೆ ಯಾರಿಂದ ಜನರನ್ನು ಬಚ್ಚಿಟ್ಟನೋ ಇಂದು ಅದೇ ನಾಡಿನವರಿಗೆ ಬಾಗಿಲು ತೆರೆದನು. ಸಂಧಾನವೆಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ನಮಗೆ ತಿಳಿದಿಲ್ಲ.

1949ರ ಪಾಸ್ಖ ಹಬ್ಬದಂದು ಏಳು ಮಂದಿ ಸಹೋದರರು ಅಲ್ಲಿ ಆಜೀವ ವ್ರತ ಕೈಗೊಂಡರು. 1962ರಲ್ಲಿ ‘ಸಂಧಾನದ ದೇವಾಲಯ’ ತೆರೆಯಿತು. ಪ್ರಾಟೆಸ್ಟೆಂಟರೂ ಕಥೋಲಿಕರೂ ಒಂದೇ ಮಠದಲ್ಲಿ ಬಾಳುವ, ಕಾಣಿಕೆ ಸ್ವೀಕರಿಸದೆ ಸ್ವಂತ ದುಡಿಮೆಯಿಂದಲೇ ಜೀವಿಸುವ ಈ ಸಮುದಾಯವನ್ನು ಅರಸಿ ಪ್ರತಿ ಬೇಸಿಗೆಯಲ್ಲಿ ವಾರವಾರವೂ ಸಾವಿರಾರು ಯುವಜನರು ಬರುತ್ತಾರೆ. 1986ರ ಫೆಬ್ರವರಿ 6ರಂದು ಮಂಗಳೂರಿನ ಮಣ್ಣನ್ನು ಮೆಟ್ಟಿದ ಸಂತ ಎರಡನೆಯ ಜಾನ್ ಪಾಲ್ ಪೋಪರು ಅದೇ ವರ್ಷದ ಅಕ್ಟೋಬರ್ 5ರಂದು ತೇಜೇಯ ಗುಡ್ಡವನ್ನೂ ಏರಿದರು. 2005ರ ಆಗಸ್ಟ್ 16ರಂದು ಸಂಜೆಯ ಪ್ರಾರ್ಥನೆಯ ವೇಳೆ ಸಹೋದರ ರೋಜರ್ ಅವರನ್ನು ಚೂರಿಯಿಂದ ಇರಿದು ಕೊಲ್ಲಲಾಯಿತು. ಆಗ ಅವರಿಗೆ ತೊಂಬತ್ತು ವರ್ಷ. ಅವರ ಬಳಿಕ ಕಥೋಲಿಕರಾದ ಸಹೋದರ ಅಲೋಯಿಸ್, 2023ರ ಕೊನೆಯಿಂದ ಆಂಗ್ಲಿಕನ್ ಪಂಥದ ಸಹೋದರ ಮ್ಯಾಥ್ಯೂ ಹೀಗೆ ಸಮುದಾಯದ ಹೊಣೆ ಕೈಯಿಂದ ಕೈಗೆ ಸಾಗಿದೆ. ಸೈಕಲ್ಲಿನ ಮೇಲೆ ಬಂದ ಒಬ್ಬನಿಂದ ಆರಂಭವಾದ ಮನೆಗೆ ಇಂದು ಎಷ್ಟೋ ಮಂದಿ ಸೈಕಲ್ಲಿನ ಮೇಲೆಯೇ ಬಂದು ಸೇರುತ್ತಾರೆ.

ಕ್ಲೂನಿ ಕಲಿಸುವ ಪಾಠ

ತೇಜೇಯಿಂದ ಕ್ಲೂನಿಗೆ ಸುಮಾರು ಹತ್ತು ಕಿಲೋಮೀಟರು. ಆತುರವಿಲ್ಲದೆ ತುಳಿದರೂ ಒಂದು ಗಂಟೆ ಹಿಡಿಯದು. ಆದರೆ ಈ ಎರಡು ಸ್ಥಳಗಳ ನಡುವಿನ ಅಂತರ ಕಿಲೋಮೀಟರುಗಳಲ್ಲಿ ಅಳೆಯುವಂತಹುದಲ್ಲ.

910ರಲ್ಲಿ ಅಕ್ವಿತೇನಿನ ಡ್ಯೂಕ್ ವಿಲಿಯಂ ದಾನವಿತ್ತ ನೆಲದಲ್ಲಿ ಸಂತ ಬೆನೆಡಿಕ್ಟರ ನಿಯಮದಂತೆ ಕ್ಲೂನಿ ಮಠ ಸ್ಥಾಪನೆಯಾಯಿತು. ಪಾಳೆಯಗಾರರ ಹಿಡಿತಕ್ಕೆ ಸಿಕ್ಕಿ ನಲುಗುತ್ತಿದ್ದ ಧರ್ಮಸಭೆಗೆ ಅದು ನವಚೈತನ್ಯ ನೀಡಿತು. ಸಂತ ಓದೋ, ಸಂತ ಮಯೋಲ್, ಸಂತ ಓದಿಲೋ, ಸಂತ ಹ್ಯೂ ಮೊದಲಾದ ಮಹನೀಯರು ಅದರ ಅಧ್ಯಕ್ಷರಾಗಿದ್ದರು. ಪ್ರತಿವರ್ಷ ನವೆಂಬರ್ 2ರಂದು ನಮ್ಮ ಗೋರಿದೊಡ್ಡಿಗಳಲ್ಲಿ ಮೇಣದ ಬತ್ತಿ ಹಚ್ಚಿ, ಹೂ ಇರಿಸಿ, ಅಗಲಿದವರಿಗಾಗಿ ಪ್ರಾರ್ಥಿಸುತ್ತೇವಲ್ಲವೆ? ಆ ದಿನವನ್ನು ಮೃತ ವಿಶ್ವಾಸಿಗಳ ಸ್ಮರಣೆಗೆಂದು ಮೊದಲು ತನ್ನ ಮಠಗಳಿಗೆಲ್ಲ ಗೊತ್ತುಪಡಿಸಿದವರು ಕ್ಲೂನಿಯ ಸಂತ ಓದಿಲೋ ಅವರೇ. ಅಲ್ಲಿಂದ ಆ ಆಚರಣೆ ಇಡೀ ಧರ್ಮಸಭೆಗೆ ಹಬ್ಬಿತು. ನಮ್ಮ ಅಜ್ಜ ಅಜ್ಜಿಯರ ಸಮಾಧಿಯ ಮೇಲಿನ ಆ ಪುಟ್ಟ ದೀಪಕ್ಕೆ ಎಣ್ಣೆ ಬಂದದ್ದು ಈ ಸುಣ್ಣಕಲ್ಲಿನ ಕಣಿವೆಯಿಂದ ಎಂದರೆ ತಪ್ಪಾಗದು.

1088ರಲ್ಲಿ ಸಂತ ಹ್ಯೂ ಅವರು ಆರಂಭಿಸಿದ ಮಹಾದೇವಾಲಯ 187 ಮೀಟರು ಉದ್ದವಿತ್ತು. ರೋಮಿನ ಸಂತ ಪೇತ್ರರ ಮಹಾದೇವಾಲಯವನ್ನು ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಹೊಸದಾಗಿ ಕಟ್ಟುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ. ಇಂದು ಅಲ್ಲಿ ಹೋದವರಿಗೆ ಏನು ಕಾಣುತ್ತದೆ? ದಕ್ಷಿಣದ ತೋಳಿನ ಒಂದು ಭಾಗ, ಅದರ ಮೇಲೊಂದು ಗಂಟೆಗೋಪುರ. ಒಟ್ಟಿನಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠ ಮುಚ್ಚಿತು. 1798ರಲ್ಲಿ ಕಟ್ಟಡ ಮಾರಾಟವಾಯಿತು. ಕೊಂಡವರಿಗೆ ಅದು ಬರಿಯ ಕಲ್ಲಿನ ಗಣಿ. ದೇವಾಲಯದ ನಡುವೆಯೇ ಬೀದಿಯೊಂದನ್ನು ಹಾಯಿಸಿದರು. ಕಾಲು ಶತಮಾನದ ಅವಧಿಯಲ್ಲಿ ಆ ಮಹಾದೇವಾಲಯ ಗಾಡಿ ಗಾಡಿಯಾಗಿ ಹೊರಟುಹೋಯಿತು. ನೆಪೋಲಿಯನ್ನನ ಕಾಲದಲ್ಲಿ, 1807ರಲ್ಲಿ, ಆ ಆವರಣದಲ್ಲಿ ಸರಕಾರಿ ಕುದುರೆಲಾಯ ಸ್ಥಾಪನೆಯಾಯಿತು.

ಎಲ್ಲ ತಪ್ಪನ್ನೂ ಕ್ರಾಂತಿಕಾರರ ತಲೆಗೆ ಕಟ್ಟುವುದು ಸುಲಭ. ಆದರೆ ಕ್ಲೂನಿ ಕುಸಿದದ್ದು ಸುತ್ತಿಗೆಯ ಪೆಟ್ಟು ಬೀಳುವುದಕ್ಕೆ ಎಷ್ಟೋ ಮೊದಲು. ಸಂಪತ್ತು ಬೆಳೆಯಿತು, ಅಧ್ಯಕ್ಷ ಪದವಿ ಅರಸರು ತಮ್ಮವರಿಗೆ ಹಂಚುವ ವರಮಾನವಾಯಿತು, ಮಠದಲ್ಲಿ ವಾಸಿಸದವರು ಮಠದ ಅಧ್ಯಕ್ಷರೆನಿಸಿಕೊಂಡರು. ಜನರ ಹೃದಯದಲ್ಲಿ ಅಡಿಪಾಯ ಸಡಿಲವಾದ ಮೇಲೆ ಗೋಡೆ ಎಷ್ಟು ದಪ್ಪವಿದ್ದರೇನು? ಇತ್ತ, ಹತ್ತು ಕಿಲೋಮೀಟರು ದೂರದಲ್ಲಿ, ಹಳೆಯದೊಂದು ಮನೆಯಲ್ಲಿ ಆರಂಭವಾದ ಪ್ರಾರ್ಥನೆಗೆ ಜಗತ್ತೇ ಬರುತ್ತಿದೆ. ಕೋಟಿಗಟ್ಟಲೆ ರೂಪಾಯಿ ವೆಚ್ಚದಲ್ಲಿ ಹಳೆಯ ಇಗರ್ಜಿಗಳನ್ನು ಕೆಡವಿ ಹೊಸದನ್ನು ಎಬ್ಬಿಸುವ ಹುಮ್ಮಸ್ಸಿನಲ್ಲಿರುವ ನಮ್ಮ ಧರ್ಮಕೇಂದ್ರಗಳು ಈ ಹತ್ತು ಕಿಲೋಮೀಟರುಗಳನ್ನು ಮನಸ್ಸಿನಲ್ಲಾದರೂ ಒಮ್ಮೆ ಸಂಚರಿಸಬೇಕೆಂಬುದು ನಮ್ಮ ವಿನಂತಿ.

ಬಾವಲಿಗಳಿಗೂ ಪಾಲು

ಕ್ಲೂನಿಯಿಂದ ದಕ್ಷಿಣಕ್ಕೆ, ಮಾಕೋನ್ ನಗರದ ದಿಕ್ಕಿಗೆ, ಹಾದಿ ಮುಂದುವರಿದಿದೆ. ಅಲ್ಲಿ ಬ್ವಾ ಕ್ಲೇರ್ ಎಂಬ ಗುಡ್ಡವನ್ನು ಸೀಳಿದ 1600 ಮೀಟರು ಉದ್ದದ ಹಳೆಯ ರೈಲು ಸುರಂಗವನ್ನು ದೀಪ ಹಾಕಿ ಸೈಕಲ್ ಸವಾರರಿಗೆ ತೆರೆಯಲಾಗಿದೆ. ನಡುಬೇಸಿಗೆಯಲ್ಲಿಯೂ ಒಳಗೆ ಮೈ ಕೊರೆಯುವ ತಂಪು. ಆದರೆ ಚಳಿಗಾಲದಲ್ಲಿ ಸುರಂಗದ ಬಾಗಿಲು ಮುಚ್ಚುತ್ತದೆ. ಆ ತಿಂಗಳುಗಳಲ್ಲಿ ಒಳಗೆ ಬಾವಲಿಗಳು ದೀರ್ಘನಿದ್ರೆಯಲ್ಲಿರುತ್ತವೆ. ಎಚ್ಚರಗೊಂಡರೆ ಕೂಡಿಟ್ಟ ಶಕ್ತಿ ವ್ಯಯವಾಗಿ ಸಾಯುತ್ತವೆ. ಆದ್ದರಿಂದ ಸವಾರರು ಗುಡ್ಡದ ಮೇಲಿನ ಸುತ್ತುದಾರಿಯನ್ನು ಹಿಡಿಯಬೇಕು. ಸೃಷ್ಟಿಯು ನಮ್ಮೆಲ್ಲರ ಸಾಮಾನ್ಯ ಮನೆಯೆಂದು 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವಿಶ್ವಪತ್ರದ ಮೂಲಕ ಬೋಧಿಸಿದ್ದನ್ನು ನಾವು ಪ್ರವಚನಪೀಠದಿಂದ ಎಷ್ಟೋ ಬಾರಿ ಹೇಳಿದ್ದೇವೆ. ಮನೆಯಲ್ಲಿ ಒಬ್ಬರು ಮಲಗಿದ್ದರೆ ಮತ್ತೊಬ್ಬರು ಸದ್ದಿಲ್ಲದೆ ಹಿತ್ತಲಿನಿಂದ ಹೋಗುವುದೇ ಆ ಬೋಧನೆಯ ಆಚರಣೆ.

ಸುರಂಗದಾಚೆ, ದೂರದಲ್ಲಿ, ಹಡಗಿನ ಮೂತಿಯಂತೆ ಮುಂಚಾಚಿದ ಸೊಲ್ಯುತ್ರೆಯ ಸುಣ್ಣಬಂಡೆ ಕಾಣುತ್ತದೆ. ಅದರ ಎತ್ತರ ಸಮುದ್ರಮಟ್ಟದಿಂದ 493 ಮೀಟರು. ಅದರ ಬುಡದಲ್ಲಿ ಶಿಲಾಯುಗದ ಬೇಟೆಗಾರರು ಕೊಂದ ಅಸಂಖ್ಯ ಕುದುರೆಗಳ ಎಲುಬುಗಳು ದೊರೆತಿವೆ. ಹವಳದ ದಿಬ್ಬ, ಬೇಟೆಗಾರನ ಒಲೆ, ದ್ರಾಕ್ಷಿಯ ಬಳ್ಳಿ, ಇಗರ್ಜಿಯ ಗಂಟೆ, ರೈಲಿನ ಹೊಗೆ, ಈಗ ಸೈಕಲ್ಲಿನ ಗಾಲಿ: ಒಂದೇ ಕಲ್ಲಿನ ಮೇಲೆ ಎಷ್ಟು ಕಾಲಗಳು!

ಮರಳಿ ಸಲ್ಲುವ ಋಣ

ಇದೇ ಸೋನ್ ನದಿ ಮುಂದೆ ರೋನ್ ನದಿಯನ್ನು ಕೂಡಿ ದಕ್ಷಿಣಕ್ಕೆ ಹರಿಯುತ್ತದೆ. ರೋನ್ ದಡದಲ್ಲಿಯೂ ಜಿನೀವಾ ಸರೋವರದಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಸುಮಾರು 800 ಕಿಲೋಮೀಟರುಗಳ ಸೈಕಲ್ ಮಾರ್ಗವಿದೆ. ಅದರ ಪಶ್ಚಿಮಕ್ಕೆ, ಆರ್ದೆಶ್ ಸೀಮೆಯ ಸುಣ್ಣಕಲ್ಲಿನ ಒಣ ಪ್ರಸ್ಥಭೂಮಿಯ ಮೇಲೆ, ಸೇಂ-ರೆಮೇಜ್ ಎಂಬ ಹಳ್ಳಿಯಿದೆ. ಕನ್ನಡಿಗರು ಆ ಹೆಸರನ್ನು ನೆನಪಿಡಬೇಕು. ಶ್ರೀರಂಗಪಟ್ಟಣ, ಮೈಸೂರು ಸೀಮೆಯಲ್ಲಿ ಬಹುಕಾಲ ಸೇವೆಗೈದು, ಸಿಡುಬಿನ ವಿರುದ್ಧ ಜನರಿಗೆ ದಾಕು ಹಾಕಿಸಲು ದುಡಿದ ಅಬ್ಬೆ ದುಬ್ವಾ ಹುಟ್ಟಿದ್ದು ಅಲ್ಲಿ, 1765ರಲ್ಲಿ. 1792ರಲ್ಲಿ, ಕ್ರಾಂತಿಯ ಬಿರುಗಾಳಿಯ ನಡುವೆ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟ ಅವರು 1823ರಲ್ಲಿ ಹಿಂತಿರುಗಿದರು. ಕ್ಲೂನಿಯ ಕಲ್ಲುಗಳನ್ನು ಗಾಡಿಗೇರಿಸುತ್ತಿದ್ದ ವರ್ಷಗಳಲ್ಲಿಯೇ ಆ ದೇಶದ ಒಬ್ಬ ಹಳ್ಳಿಗ ಗುರು ನಮ್ಮ ಹಳ್ಳಿಗಳಲ್ಲಿ ವಿಶ್ವಾಸಿಗಳನ್ನು ಸಂತೈಸುತ್ತಿದ್ದರು. ಧರ್ಮಸಭೆಯ ಲೆಕ್ಕಪುಸ್ತಕದಲ್ಲಿ ಒಂದು ಪುಟದ ನಷ್ಟ ಮತ್ತೊಂದು ಪುಟದ ಲಾಭ.

ಇಂದು ಆ ಪುಟ ಮತ್ತೆ ಮಗುಚಿದೆ. ಹಸಿರು ದಾರಿಯ ಇಕ್ಕೆಲಗಳ ಗ್ರಾಮಗಳಲ್ಲಿ ಚೆಲುವಾದ ಇಗರ್ಜಿಗಳಿವೆ. ಆದರೆ ಪ್ರತಿ ಭಾನುವಾರ ಬಲಿಪೂಜೆ ನಡೆಯುವ ಕಡೆಗಳು ವಿರಳ. ಒಬ್ಬ ಗುರುವಿಗೆ ಹತ್ತಾರು ಗ್ರಾಮಗಳ ಹೊಣೆ. 1905ರ ಕಾನೂನಿನ ಬಳಿಕ ಹಳೆಯ ಇಗರ್ಜಿಗಳ ಕಟ್ಟಡಗಳು ಆಯಾ ಊರಿನ ಪೌರಸಭೆಗಳ ಸ್ವತ್ತು. ಭಾರತದ ಗುರುಗಳು ಇಂದು ಫ್ರಾನ್ಸಿನ ಧರ್ಮಪ್ರಾಂತ್ಯಗಳಿಗೆ ಹೋಗಿ ಸೇವೆ ಸಲ್ಲಿಸುತ್ತಿರುವುದು ಹಳೆಯ ಋಣ ಮರಳಿ ಸಲ್ಲುವ ಬಗೆ. ಬಾಗಿಲು ತೆರೆದಿದ್ದ ಇಗರ್ಜಿಯ ಗೋಡೆಗೆ ಸೈಕಲ್ ಒರಗಿಸಿ, ಬೆವರೊರೆಸಿಕೊಂಡು ಒಳಹೊಕ್ಕು ಐದು ನಿಮಿಷ ಸುಮ್ಮನೆ ಕುಳಿತು ಹೋಗುವ ಅಪರಿಚಿತರೇ ಎಷ್ಟೋ ಕಡೆ ಈಗ ಅಲ್ಲಿನ ಆರಾಧಕರು. ಅವರಲ್ಲಿ ಹಲವರು ತಮ್ಮನ್ನು ವಿಶ್ವಾಸಿಗಳೆಂದು ಕರೆದುಕೊಳ್ಳಲಾರರು. ಆದರೂ ಎಮ್ಮಾವುಸಿನ ದಾರಿಯಲ್ಲಿ ಜೊತೆಗೆ ನಡೆದವರನ್ನು ಶಿಷ್ಯರು ಮೊದಲು ಗುರುತಿಸಿರಲಿಲ್ಲವೆಂಬುದನ್ನು ಮರೆಯಲಾಗದು.

ಫ್ರಾನ್ಸಿಗೆ ಹೋಗಿ ಸೈಕಲ್ ತುಳಿಯಿರೆಂದು ಓದುಗರಿಗೆ ಹೇಳುವುದು ನಮ್ಮ ಉದ್ದೇಶವಲ್ಲ. ಆ ಅನುಕೂಲ ಎಲ್ಲರಿಗೂ ಇಲ್ಲ. ಆದರೆ ವೇಗವೇ ಪ್ರಗತಿಯೆಂದು ನಂಬಿದ ಈ ಕಾಲದಲ್ಲಿ, ವೇಗದ ಯಂತ್ರ ಬಿಟ್ಟುಕೊಟ್ಟ ಜಾಗದಲ್ಲಿ ನಿಧಾನ ಗತಿಯವರಿಗೆ ನೆಲೆ ದೊರಕಿತೆಂಬ ಸಂಗತಿ ನಮ್ಮೆಲ್ಲರ ಚಿಂತನೆಗೆ ಯೋಗ್ಯವಾಗಿದೆ. ನಮ್ಮ ಇಗರ್ಜಿಗೆ ಬರುವ ದಾರಿಯಲ್ಲಿ ಶಾಲೆಯ ಮಗುವಿನ ಸೈಕಲ್ಲಿಗೆ ಎಡೆಯಿದೆಯೇ? ಕೋಲೂರಿ ಬರುವ ಅಜ್ಜಿ ಲಾರಿಗಳ ಭಯವಿಲ್ಲದೆ ಬಲಿಪೂಜೆಗೆ ಬರಬಲ್ಲರೇ? ನಮ್ಮ ಸಮುದಾಯದಲ್ಲಿ ಹಿಂದೆ ಬಿದ್ದವರಿಗಾಗಿ, ಸಂಶಯಪಡುವವರಿಗಾಗಿ, ಜಗಳವಾಡಿ ದೂರ ಹೋದವರಿಗಾಗಿ ಏರು ಕಡಿಮೆಯಾದ ಒಂದು ಹಾದಿಯನ್ನು ನಾವು ಕಾದಿರಿಸಿದ್ದೇವೆಯೇ?

ಮಹಾದೇವಾಲಯವನ್ನು ಕಲ್ಲು ಕಲ್ಲಾಗಿ ಮಾರಬಹುದು. ಉಕ್ಕಿನ ಹಳಿಯನ್ನು ಕಿತ್ತೊಯ್ಯಬಹುದು. ದುರ್ಬಲನ ಹೆಜ್ಜೆಗೆಂದು ತೆರೆದಿಟ್ಟ ದಾರಿ ಮಾತ್ರ ಉಳಿಯುತ್ತದೆ, ಏಕೆಂದರೆ ಅದರಲ್ಲಿ ನಮ್ಮೊಡನೆ ನಡೆಯುವವರು ಪ್ರಭುವೇ. ಅಂತಹ ದಾರಿಯನ್ನು ತೆರೆಯುವ ಮನಸ್ಸನ್ನು ಅವರೇ ನಮಗೆ ಅನುಗ್ರಹಿಸಲಿ.